ವಿಷಯ: ವಾರಂಟಿಯಲ್ಲಿ ಮದರ್‌ಬೋರ್ಡ್ ಬದಲಿಸಿದ ಮೇಲೆ ವಿಂಡೋಸ್ ಲೈಸೆನ್ಸ್ ಹಿಂದಿರುಗಿಸದಿರುವ ಬಗ್ಗೆ ದೂರು

ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಐದು ಸಲ ಕರೆ ಮಾಡಿ, ಎರಡು ಇಮೇಲ್ ಕಳಿಸಿ, ಸರ್ವಿಸ್ ಸೆಂಟರಿಗೆ ಒಮ್ಮೆ ಖುದ್ದಾಗಿ ಹೋಗಿ ಬಂದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಇನ್ನು ಫೋನಿನಲ್ಲಿ ಮಾತಿಲ್ಲ. ಏನಿದ್ದರೂ ಬರಹದಲ್ಲೇ ಇರಲಿ.

ನೀವೇ ತಯಾರಿಸಿ ಮಾರಿದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ 11 ಪ್ರೊ ಮೊದಲೇ ಹಾಕಿತ್ತು. ಬಿಲ್ಲಿನಲ್ಲೂ ಹಾಗೆಯೇ ನಮೂದಾಗಿದೆ. ಯಂತ್ರ ಆನ್ ಆಗದೆ ಹೋದಾಗ, ವಾರಂಟಿ ಅವಧಿಯೊಳಗೇ, ನಿಮ್ಮ ತಂತ್ರಜ್ಞರು ಮದರ್‌ಬೋರ್ಡ್ ಬದಲಿಸಿದರು. ಎಸ್‌ಎಸ್‌ಡಿ, ರ‍್ಯಾಮ್, ಪರದೆ, ಕೀಬೋರ್ಡ್, ಹೊರಕವಚ ಎಲ್ಲವೂ ಹಳೆಯವೇ. ತಂದು ಆನ್ ಮಾಡಿದರೆ ಮೊದಲು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀ ಕೇಳಿತು. ಆ ಬೀಗದ ಕೀಲಿ ಕಾಯುವ ಟಿಪಿಎಂ ಚಿಪ್ ಇರುವುದು ಬೋರ್ಡಿನ ಮೇಲೆ. ಬೋರ್ಡ್ ಹೋದರೆ ಅದರೊಳಗಿನ ಕೀಲಿಯೂ ಹೋಗುತ್ತದೆ. ಬೋರ್ಡ್ ಬಿಚ್ಚುವ ಮುಂಚೆ ಇಷ್ಟು ಮಾತು ಗ್ರಾಹಕರಿಗೆ ಹೇಳಬೇಕಿತ್ತು. ಯಾರೂ ಹೇಳಲಿಲ್ಲ. ಆ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದ್ದರಿಂದ ಕಡತಗಳು ಸಿಕ್ಕವು. ಉಳಿಯದಿದ್ದವರ ಗತಿ ಏನು?

ಅದಾದ ಮೇಲೆ ಬಂದದ್ದು ನಿಜವಾದ ತೊಂದರೆ. ವಿಂಡೋಸ್ ಆ್ಯಕ್ಟಿವೇಟ್ ಆಗಿಲ್ಲ. 0ಎಕ್ಸ್‌ಸಿ004ಎಫ್213 ಎಂಬ ಎರರ್ ಕೋಡ್. ಸಾಧನದಲ್ಲಿ ಪ್ರಾಡಕ್ಟ್ ಕೀ ಸಿಗಲಿಲ್ಲ ಎಂಬುದು ಅದರ ಅರ್ಥ. ಆ್ಯಕ್ಟಿವೇಶನ್ ಟ್ರಬಲ್‌ಶೂಟರಿನಲ್ಲಿ ‘ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ’ ಎಂಬುದನ್ನು ಆರಿಸಿ ನೋಡಿದ್ದಾಯಿತು, ಆಗಲಿಲ್ಲ. ಪವರ್‌ಶೆಲ್‌ನಲ್ಲಿ ಫರ್ಮ್‌ವೇರಿನ (ಬೋರ್ಡಿನ ಚಿಪ್ಪಿನಲ್ಲೇ ಇರುವ ತಂತ್ರಾಂಶದ) ಮೂಲ ಕೀ ಕೇಳಿದರೆ ಖಾಲಿ ಸಾಲು ಬರುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ ಫರ್ಮ್‌ವೇರ್ ಒದಗಿಸುವ ಎಸಿಪಿಐ ಕೋಷ್ಟಕಗಳ ಫೋಲ್ಡರ್ ತೆರೆದರೆ ಅಲ್ಲಿ ಎಂಎಸ್‌ಡಿಎಂ ಎಂಬ, ವಿಂಡೋಸ್ ಕೀ ಇರಬೇಕಾದ ಕಡತವೇ ಇಲ್ಲ. ಬಯಾಸ್ ಪುಟದಲ್ಲಿ ಸೀರಿಯಲ್ ನಂಬರಿನ ಜಾಗವೂ ಖಾಲಿ. ಅಂದರೆ ಗೋದಾಮಿನಿಂದ ಬಂದ ಬೋರ್ಡನ್ನು ತಿರುಪು ಬಿಗಿದು ಕೂರಿಸಿ, ಅದಕ್ಕೆ ಈ ಯಂತ್ರದ ಗುರುತನ್ನು ಬರೆಯದೆಯೇ ಕೈಗಿತ್ತಿದ್ದೀರಿ. ಮೂರರ ಫೋಟೋಗಳನ್ನೂ ಲಗತ್ತಿಸಿದ್ದೇನೆ.

2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಕೀಯನ್ನು ಫರ್ಮ್‌ವೇರಿನ ಎಂಎಸ್‌ಡಿಎಂ ಕೋಷ್ಟಕದಲ್ಲಿ ಬರೆಯುತ್ತಿರುವುದು ನಿಮಗೆ ಹೊಸ ವಿಷಯವಲ್ಲ. ಇಡೀ ಕೋಷ್ಟಕ 85 ಬೈಟ್, ಅದರ ಕೊನೆಯ 29 ಬೈಟ್‌ಗಳೇ ಕೀ: 25 ಅಕ್ಷರ, ನಾಲ್ಕು ಅಡ್ಡಗೆರೆ. ಬಳಕೆದಾರರು ಅಲ್ಲಿಂದ ಓದಬಹುದೇ ಹೊರತು ಅಲ್ಲಿಗೆ ಬರೆಯಲು ಅವರಿಗೆ ದಾರಿಯಿಲ್ಲ. ಬರೆಯುವ ಉಪಕರಣ, ಬರೆದ ಮೇಲೆ ಹಾರ್ಡ್‌ವೇರ್ ಹ್ಯಾಶ್ (ಯಂತ್ರದ ಗುರುತಿನ ಸಂಕೇತ) ಸಮೇತ ಮೈಕ್ರೋಸಾಫ್ಟಿಗೆ ವರದಿ ಒಪ್ಪಿಸುವ ವ್ಯವಸ್ಥೆ, ಎರಡೂ ತಯಾರಕರ ಕೈಯಲ್ಲೇ ಇವೆ. ಮೊದಲೇ ಹಾಕಿ ಮಾರಿದ ವಿಂಡೋಸಿನ ಬೆಂಬಲದ ಹೊಣೆಯೂ ತಯಾರಕರದೇ.

ಇಷ್ಟನ್ನು ನಿಧಾನವಾಗಿ ವಿವರಿಸಿದ್ದಕ್ಕೆ ಐದನೆಯ ಕರೆಯಲ್ಲಿ ಸಿಕ್ಕ ಉತ್ತರಗಳನ್ನು ಕೇಳಿ. ಆ ಕರೆ ನಿಮ್ಮಲ್ಲೂ ಧ್ವನಿಮುದ್ರಣವಾಗಿದೆ. ಹಾಗೆಂದು ಕರೆಯ ಆರಂಭದಲ್ಲಿ ನೀವೇ ತಿಳಿಸುತ್ತೀರಿ.

‘ಸರ್, ಲ್ಯಾಪ್‌ಟಾಪ್ ತಿರುಗಿಸಿ, ಕೆಳಗಿನ ಸ್ಟಿಕ್ಕರಿನಲ್ಲಿರುವ 25 ಅಕ್ಷರ ಓದಿ.’ ಅಲ್ಲಿ ಕೀ ಇರುವುದಿಲ್ಲ, ಈಗಿನ ಯಂತ್ರಗಳಲ್ಲಿ ಅದು ಫರ್ಮ್‌ವೇರಿನಲ್ಲಿರುತ್ತದೆ ಎಂದೆ. ‘ಸ್ಟಿಕ್ಕರ್ ಇದೆಯೋ ಇಲ್ಲವೋ ಅಷ್ಟು ಹೇಳಿ.’ ಇದೆ, ಆದರೆ ಅದರಲ್ಲಿ ಕೀ ಇಲ್ಲ ಎಂದೆ. ‘ಹಾಗಾದರೆ ನೀವು ಉಜ್ಜಿ ಅಳಿಸಿರಬೇಕು.’ ಇಲ್ಲ ಎಂದೆ. ‘ವಿಂಡೋಸ್ ಎಲ್ಲಿಂದ ಹಾಕಿಸಿಕೊಂಡಿರಿ? ಹೊರಗಡೆ ಹಾಕಿಸಿದ್ದಾದರೆ ಒಪ್ಪಿಕೊಳ್ಳಿ ಸರ್, ಸಮಯ ಉಳಿಯುತ್ತದೆ.’ ಬಿಲ್ ಓದಿ ಹೇಳಿದೆ. ಹದಿನೇಳು ನಿಮಿಷ ಹೋಲ್ಡ್. ಆಮೇಲೆ ಬಂದ ಮೇಲಧಿಕಾರಿ ಒಂದೇ ಉಸಿರಿನಲ್ಲಿ ಓದಿದರು: ‘ನಿಮ್ಮದು ಒಇಎಂ ಲೈಸೆನ್ಸ್, ಅಂದರೆ ಯಂತ್ರದ ಜೊತೆಗೇ ಬಂದದ್ದು. ಅದನ್ನು ಬೇರೆ ಕಂಪ್ಯೂಟರಿಗೆ ವರ್ಗಾಯಿಸುವಂತಿಲ್ಲ. ಬೋರ್ಡ್ ಬದಲಾದರೆ ಅದು ಬೇರೆ ಕಂಪ್ಯೂಟರ್. ಹೊಸ ಲೈಸೆನ್ಸ್ ಕೊಂಡುಕೊಳ್ಳಿ.’ ಬೋರ್ಡ್ ಬದಲಿಸಿದವರು ಯಾರು ಎಂದು ಕೇಳಿದ್ದಕ್ಕೆ ‘ಅದು ಹಾರ್ಡ್‌ವೇರ್ ವಿಭಾಗ, ನಮ್ಮದು ಸಾಫ್ಟ್‌ವೇರ್’ ಎಂದು ಫೋನ್ ಇಟ್ಟರು.

ಹಣ ಕೊಟ್ಟು ಕೊಂಡ ಗ್ರಾಹಕನನ್ನು ಕಳ್ಳನಂತೆ ವಿಚಾರಣೆ ಮಾಡಿದ್ದೀರಿ. ಅದಕ್ಕೆ ಲಿಖಿತ ಕ್ಷಮೆ ಬೇಕು.

ನಿಯಮದ ಮಾತಿಗೆ ಬರೋಣ. ಬಿಡಿಯಾಗಿ ಕೊಂಡ ರೀಟೇಲ್ ವಿಂಡೋಸನ್ನು ತನ್ನದೇ ಇನ್ನೊಂದು ಕಂಪ್ಯೂಟರಿಗೆ ಒಯ್ಯಬಹುದು, ಯಂತ್ರದ ಜೊತೆಗೆ ಬಂದದ್ದು ಆ ಯಂತ್ರದ ಜೊತೆಗಷ್ಟೇ ಕೈ ಬದಲಾಯಿಸಬಹುದು. ಇದರಲ್ಲಿ ತಕರಾರಿಲ್ಲ, ಬೇರೆ ಯಂತ್ರಕ್ಕೆ ಕೊಡಿ ಎಂದು ನಾನು ಕೇಳಿಯೂ ಇಲ್ಲ. ಬೋರ್ಡ್ ಬದಲಾದರೆ ಹೊಸ ಕಂಪ್ಯೂಟರ್ ಎಂಬುದು ಮೇಲ್ದರ್ಜೆಗಾಗಿ ಬದಲಿಸಿದವರಿಗೆ ಅನ್ವಯಿಸುವ ಮಾತು. ಕೆಟ್ಟುಹೋದ ಬೋರ್ಡಿನ ಜಾಗಕ್ಕೆ ಅದೇ ಮಾದರಿಯದನ್ನು, ಅಥವಾ ವಾರಂಟಿಯ ಪ್ರಕಾರ ತಯಾರಕರೇ ಸಮಾನವೆಂದು ಒಪ್ಪಿದ್ದನ್ನು ಹಾಕಿದಾಗ ಹೊಸ ಲೈಸೆನ್ಸ್ ಬೇಕಿಲ್ಲ ಎಂದು ಮೈಕ್ರೋಸಾಫ್ಟಿನ ಒಇಎಂ ನಿಯಮವೇ ಹೇಳುತ್ತದೆ. ನಿಮ್ಮ ಮೇಲಧಿಕಾರಿ ಮೊದಲರ್ಧ ಓದಿ ಪುಟ ಮುಚ್ಚಿದ್ದಾರೆ.

ಆಗಬೇಕಾದ ಕೆಲಸ ದೊಡ್ಡದಲ್ಲ. ಬಯಾಸಿನಲ್ಲಿ ಮಾದರಿಯ ಹೆಸರು, ಸೀರಿಯಲ್ ನಂಬರ್ ಬರೆಯಿರಿ. ಎಂಎಸ್‌ಡಿಎಂಗೆ ಕೀ ಬರೆದು ಮೈಕ್ರೋಸಾಫ್ಟಿಗೆ ವರದಿ ಒಪ್ಪಿಸಿ. ಆ ಕೀ ಪ್ರೊ ಆವೃತ್ತಿಯದೇ ಆಗಿರಬೇಕು. ಕೈಗೆ ಸಿಕ್ಕಿತೆಂದು ಹೋಮ್ ಕೀ ಬರೆದರೆ ಈಗಿರುವ ಪ್ರೊ ಅದರಿಂದ ಆ್ಯಕ್ಟಿವೇಟ್ ಆಗುವುದಿಲ್ಲ. ಮುಂದೆ ಮರುಸ್ಥಾಪನೆ ಮಾಡಿದಾಗಲೂ ಇನ್‌ಸ್ಟಾಲರ್ ಆ ಕೀ ಓದಿಕೊಂಡು ಕೇಳದೆಯೇ ಹೋಮ್ ಹಾಕುತ್ತದೆ. ಕೆಲಸ ಮುಗಿದ ಮೇಲೆ ನನ್ನೆದುರಿಗೇ ಆ್ಯಕ್ಟಿವೇಶನ್ ಪುಟ ತೆರೆದು ತೋರಿಸಿ. ಡಿಸ್ಕ್ ಫಾರ್ಮ್ಯಾಟ್ ಮಾಡುವ ಅಗತ್ಯ ಇದರಲ್ಲಿ ಎಲ್ಲೂ ಬರುವುದಿಲ್ಲ. ಆದ್ದರಿಂದ ‘ಒಮ್ಮೆ ಎಲ್ಲಾ ಅಳಿಸಿ ಹಾಕಿ ನೋಡೋಣ’ ಎಂಬ ಸಲಹೆ ಮತ್ತೆ ಬೇಡ. ಚೀಟಿಯಲ್ಲಿ ಬರೆದುಕೊಟ್ಟ ಯಾವುದೋ ಕೀಯನ್ನೂ ಸ್ವೀಕರಿಸುವುದಿಲ್ಲ. ಫರ್ಮ್‌ವೇರಿನಲ್ಲಿದ್ದದ್ದು ಫರ್ಮ್‌ವೇರಿಗೇ ಬರಬೇಕು.

ಇನ್ನೊಂದು ಪ್ರಶ್ನೆಗೆ ಲಿಖಿತ ಉತ್ತರ ಕೊಡಿ. ನನ್ನ ಹಳೆಯ ಬೋರ್ಡ್ ಈಗ ಎಲ್ಲಿದೆ? ವಾರಂಟಿಯಲ್ಲಿ ಬದಲಿಸಿದ ಭಾಗ ಕಂಪನಿಯ ಸ್ವತ್ತು ಎಂದು ಅದನ್ನು ನೀವು ಇಟ್ಟುಕೊಂಡಿದ್ದೀರಿ, ಒಪ್ಪಿದೆ. ಆದರೆ ಅದರ ಫರ್ಮ್‌ವೇರಿನಲ್ಲಿ ನಾನು ಬೆಲೆ ತೆತ್ತ ಕೀ ಇದೆ. ಅದನ್ನು ರಿಪೇರಿ ಮಾಡಿ, ಕೀ ಅಳಿಸದೆ, ಇನ್ನೊಬ್ಬರ ಲ್ಯಾಪ್‌ಟಾಪಿಗೆ ಕೂರಿಸಿದರೆ ಒಇಎಂ ಲೈಸೆನ್ಸನ್ನು ಬೇರೆ ಕಂಪ್ಯೂಟರಿಗೆ ವರ್ಗಾಯಿಸಿದವರು ನೀವಾಗುತ್ತೀರಿ. ಹಳೆಯ ಕೀಯ ಕೊನೆಯ ಐದು ಅಕ್ಷರ ನನ್ನ ವಿಂಡೋಸಿನಲ್ಲಿ ಇನ್ನೂ ಕಾಣುತ್ತಿವೆ, ಅವುಗಳ ಪ್ರತಿ ನನ್ನ ಬಳಿ ಇದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಕೆಲಸ ಆಗದಿದ್ದರೆ ಬಿಲ್, ಸರ್ವಿಸ್ ರಶೀದಿ, ಫೋಟೋಗಳ ಸಮೇತ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಆಗ ನಾನು ಕೇಳುವುದು ಬರೀ ಒಂದು ಕೀಯ ಬೆಲೆಯನ್ನಲ್ಲ, ಲ್ಯಾಪ್‌ಟಾಪಿನ ಪೂರ್ತಿ ಹಣ ಮತ್ತು ಪರಿಹಾರ. ಐದನೆಯ ಕರೆಯ ಧ್ವನಿಮುದ್ರಣವನ್ನು ಹಾಜರುಪಡಿಸುವಂತೆಯೂ ಕೇಳುತ್ತೇನೆ, ಅದನ್ನು ಅಳಿಸಬೇಡಿ. ಹಳೆಯ ಬೋರ್ಡಿನ ವಿಷಯವನ್ನು ಮೈಕ್ರೋಸಾಫ್ಟಿಗೆ ಅದೇ ದಿನ ಬರೆದು ತಿಳಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಬಿಲ್ಲಿನ ನಕಲು, ಬೋರ್ಡ್ ಬದಲಿಸಿದ ಸರ್ವಿಸ್ ರಶೀದಿ, ಮೂರು ಫೋಟೋಗಳು.