ಮುಸುಕಿನೊಳಗೆ ಇದ್ದವರ ಹೆಸರೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ನಿಂಜಾ ಸಿನಿಮಾಗಳ ಬಗ್ಗೆ ಲೇಖನ ಬಂದಿತ್ತು. ನಮ್ಮ ಕಾಲದ ಸಿನಿಮಾಗಳು, ಖುಷಿಯಿಂದ ಓದಿದೆ. ತಕರಾರು ಇರುವುದು ಮೇಲಿನ ದೊಡ್ಡ ಫೋಟೊ ಬಗ್ಗೆ. ಬಿಳಿ ಬಟ್ಟೆ, ಬಿಳಿ ಮುಸುಕು. ಎರಡು ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ. ಅಡಿಯಲ್ಲಿ ಮಾತ್ರ ‘ಎಂಟರ್ ದ ನಿಂಜಾ’ ಚಿತ್ರದಲ್ಲಿ ಫ್ರಾಂಕೊ ನೀರೊ ಅವರ ಕತ್ತಿವರಸೆ ಅಂತ ಬರೆದಿದ್ದೀರಿ. ಒಳಗೆ ಇರುವವರು ನೀರೊ ಅಂತ ಯಾರು ಹೇಳಿದರು?

1981ರ ಆ ಸಿನಿಮಾಕ್ಕೆ ಕಥೆ ಕೊಟ್ಟವರು ಮೈಕ್ ಸ್ಟೋನ್. ಹವಾಯಿಯವರು, 1960ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿದ ಕರಾಟೆ ಚಾಂಪಿಯನ್. ಹೀರೊ ಕೂಡ ಅವರೇ ಆಗಬೇಕಿತ್ತು. ಕೊನೆಗೆ ಆ ಪಾತ್ರ ಇಟಲಿಯ ನೀರೊ ಪಾಲಾಯಿತು. ನೀರೊ ಒಳ್ಳೆಯ ನಟ, ಕೌಬಾಯ್ ಸಿನಿಮಾಗಳಲ್ಲಿ ಮಿಂಚಿದವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರಾಟೆ ಬರುತ್ತಿರಲಿಲ್ಲ. ಹೊಡೆದಾಟ ಹೇಳಿಕೊಟ್ಟಿದ್ದೂ ಸ್ಟೋನ್, ಮುಸುಕು ಹಾಕಿಕೊಂಡು ನೀರೊ ಬದಲು ಹೊಡೆದಾಡಿದ್ದೂ ಸ್ಟೋನ್. ನೀರೊ ಅವರ ಆ ದಪ್ಪ ಮೀಸೆ ಮುಸುಕಿನಲ್ಲಿ ಮುಚ್ಚಿಹೋಗುತ್ತದಲ್ಲ, ಇನ್ನೇನು ಬೇಕು!

ನಾನು ದಾವಣಗೆರೆಯಲ್ಲಿ ಟೈಲರ್. ನಾಟಕದವರಿಗೆ, ಸ್ಕೂಲ್ ಡೇ ಮಕ್ಕಳಿಗೆ ಡ್ರೆಸ್ ಹೊಲಿಯುತ್ತೇನೆ. ನಿಂಜಾ ಡ್ರೆಸ್ಸೂ ಹೊಲಿದಿದ್ದೇನೆ. ಮೈಗೆ ಸಡಿಲ, ಮಣಿಕಟ್ಟಿಗೆ ಮತ್ತು ಮೊಣಕಾಲಿನ ಕೆಳಗೆ ಲಾಡಿ ಬಿಗಿದರೆ ಆಯಿತು. ಹೆಚ್ಚುಕಮ್ಮಿ ಅದೇ ಎತ್ತರದ ಯಾರಿಗಾದರೂ ಆಗುತ್ತದೆ. ಬೇರೆ ಸಿನಿಮಾದಲ್ಲಿ ಡ್ಯೂಪ್ ಹಾಕಬೇಕಾದರೆ ಕೂದಲು ಹೊಂದಬೇಕು, ಕ್ಯಾಮೆರಾ ಬೆನ್ನ ಹಿಂದೆ ಇರಬೇಕು. ಇಲ್ಲಿ ಅದೇ ಅಳತೆಯ ಇನ್ನೊಂದು ಜೊತೆ ಹೊಲಿದರೆ ಮುಗಿಯಿತು. ಎದುರಿನಿಂದಲೇ ಶಾಟ್ ತೆಗೆಯಬಹುದು.

ಅಂದಹಾಗೆ, ನಿಂಜಾಗಳು ಯಾವಾಗಲೂ ಕಪ್ಪು ಬಟ್ಟೆಯಲ್ಲೇ ಇರುತ್ತಿದ್ದರು ಅಂತಲೂ ಬರೆದಿದ್ದೀರಿ. ನಿಜವಾದ ನಿಂಜಾಗಳು, ಅಂದರೆ ಜಪಾನಿನ ಇಗಾ, ಕೋಗಾ ಕಡೆಯ ಹಳೇ ಗೂಢಚಾರರು, ಸನ್ಯಾಸಿ, ವ್ಯಾಪಾರಿ ಹೀಗೆ ವೇಷ ಹಾಕಿ ಜನರ ಮಧ್ಯೆ ಓಡಾಡುತ್ತಿದ್ದರು. ಕಪ್ಪು ಡ್ರೆಸ್ ಬಂದಿದ್ದು ಜಪಾನಿನ ಕಬುಕಿ ನಾಟಕದಿಂದ ಅಂತ ಹೇಳುತ್ತಾರೆ. ಅಲ್ಲಿ ಸಾಮಾನು ಎತ್ತಿಡುವವರು ಮೈಯೆಲ್ಲ ಕಪ್ಪು ಹಾಕಿಕೊಂಡು ಆಟದ ಮಧ್ಯೆಯೇ ರಂಗದ ಮೇಲೆ ಬರುತ್ತಾರೆ. ಎಲ್ಲರಿಗೂ ಕಾಣುತ್ತಾರೆ. ಆದರೂ ಇಲ್ಲ ಅಂತಲೇ ಲೆಕ್ಕ. ಸ್ಟೋನ್ ಅವರದ್ದೂ ಅದೇ ಕಥೆಯಾಯಿತು, ಅಲ್ವಾ?

ಇನ್ನು ಶೋ ಕೊಸುಗಿ. ಇವರ ಹೆಸರು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅದೇ ಸಿನಿಮಾದ ಕಪ್ಪು ನಿಂಜಾ ಇವರು. ಟೈಟಲ್ ಬರುವಾಗ ಒಂದೊಂದೇ ಆಯುಧ ತಿರುಗಿಸಿ ತೋರಿಸುವುದೂ ಇವರೇ. ವಿಡಿಯೊ ಪಾರ್ಲರ್‌ನಲ್ಲಿ ನಾವು ಶಿಳ್ಳೆ ಹೊಡೆದಿದ್ದು ಅವರಿಗೇ ಹೊರತು ಹೀರೊಗೆ ಅಲ್ಲ. 1983ರ ‘ರಿವೆಂಜ್ ಆಫ್ ದ ನಿಂಜಾ’ದಲ್ಲಿ ಅವರೇ ಹೀರೊ, ಪುಟ್ಟ ಮಗ ಕೇನ್ ಕೂಡ ಜೊತೆಗಿದ್ದಾನೆ. ನನ್ನ ಪ್ರಕಾರ ಮೊದಲಿನದಕ್ಕಿಂತ ಇದೇ ಜಾಸ್ತಿ ಚೆನ್ನಾಗಿದೆ. ಹೊಡೆದಾಟ ಬಲ್ಲವರನ್ನೇ ಹೀರೊ ಮಾಡಿದರೆ ಹೀಗಾಗುತ್ತದೆ. ಆದರೆ 1985ರ ‘ಅಮೆರಿಕನ್ ನಿಂಜಾ’ಕ್ಕೆ ಮತ್ತೆ ಅದೇ ಹಳೇ ದಾರಿ. ಕರಾಟೆ ಗೊತ್ತಿಲ್ಲದ ಮೈಕಲ್ ಡುಡಿಕಾಫ್ ಹೀರೊ, ಫೈಟ್ ಮಾಸ್ಟರ್ ಸ್ಟೋನ್. ನಿಜಕ್ಕೂ ವಿದ್ಯೆ ಗೊತ್ತಿದ್ದ ಸ್ಟೀವ್ ಜೇಮ್ಸ್ ಅವರಿಗೆ ಹೀರೊನ ಗೆಳೆಯನ ಪಾತ್ರ.

ನಮ್ಮ ಸಿನಿಮಾಗಳಲ್ಲಿ ಶುರುವಿಗೇ ‘ಸಾಹಸ’ ಅಂತ ಮಾಸ್ಟರ್ ಹೆಸರು ಬರುತ್ತದೆ. ಹೀಗಿರುವಾಗ ಕನ್ನಡ ಪತ್ರಿಕೆಯವರು ಹೊಡೆದಾಟದ ಸಿನಿಮಾಗಳ ಬಗ್ಗೆ ಇಡೀ ಪುಟ ಬರೆದು ಒಬ್ಬ ಫೈಟ್ ಮಾಸ್ಟರ್ ಹೆಸರನ್ನೂ ಹಾಕದಿದ್ದರೆ ಹೇಗೆ? ಮುಂದಿನ ಭಾನುವಾರ ಒಂದು ತಿದ್ದುಪಡಿ ಹಾಕಿ. ಮೈಕ್ ಸ್ಟೋನ್, ಶೋ ಕೊಸುಗಿ, ಸ್ಟೀವ್ ಜೇಮ್ಸ್, ಈ ಮೂರು ಹೆಸರು ಇರಲಿ. ಮುಸುಕಿನ ಫೋಟೊ ಮತ್ತೆ ಹಾಕುವುದಾದರೆ ‘ಚಿತ್ರದ ಒಂದು ದೃಶ್ಯ’ ಅಂತ ಬರೆದರೆ ಸಾಕು.

ಇಂತಿ ನಿಮ್ಮ ಓದುಗ,
ಒಬ್ಬ ಟೈಲರ್, ದಾವಣಗೆರೆ