ಕುಕ್ಕರಿನ ಸೀಟಿ ಮತ್ತು ಬೇಸ್ ಕ್ಯಾಂಪ್

ಧಾರವಾಡ

ದೋಸ್ತಾ,

ಮೊನ್ನೆ ಲೈನ್ ಬಜಾರಿನಲ್ಲಿ ಪೇಢೆ ಕಟ್ಟಿಸಿಕೊಳ್ಳುತ್ತ ನಿಂತಾಗ ನೀನು ಕೇಳಿದೆ, "ನಲವತ್ತು ದಿನ ಆ ಹಿಮದಾಗ ಕುಂತು ಏನ್ ಮಾಡಿದಿ?" ಅಂತ. ಜನ ಜಾಸ್ತಿ ಇದ್ದರು, ಸರಿಯಾಗಿ ಹೇಳಲು ಆಗಲಿಲ್ಲ. ಬರುವ ವರ್ಷ ನೀನೂ ಹೋಗುವವನಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಎವರೆಸ್ಟ್ ಏರುವವರು ಬುಡದಲ್ಲಿ ತಂಗುವ ಬೇಸ್ ಕ್ಯಾಂಪ್ ಇರುವುದು 5,364 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ ಸಿಗುವ ಆಕ್ಸಿಜನ್‌ನಲ್ಲಿ ಸುಮಾರು ಅರ್ಧ ಮಾತ್ರ ಅಲ್ಲಿ ಸಿಗುತ್ತದೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ನನ್ನ ರಕ್ತದ ಆಕ್ಸಿಜನ್ ಶೇಕಡಾ 80ರ ಆಸುಪಾಸು. ಹುಬ್ಬಳ್ಳಿಯಲ್ಲಿ ಆಗಿದ್ದರೆ ಕೂಡಲೇ ದವಾಖಾನೆಗೆ ಸೇರಿಸುತ್ತಿದ್ದರು. ಮೊದಲ ರಾತ್ರಿಗಳಲ್ಲಿ ನಿದ್ದೆ ಹತ್ತಿದ ಕೂಡಲೇ ಉಸಿರು ಕೆಲವು ಸೆಕೆಂಡು ನಿಲ್ಲುತ್ತದೆ. ಆಮೇಲೆ ಗಬಕ್ಕನೆ ಎಳೆದುಕೊಂಡು ಎದ್ದು ಕೂರುತ್ತೀಯ. ಹೆದರಬೇಡ, ಅದು ಎತ್ತರದ ಗುಣ. ಆದರೆ ತಲೆನೋವು ಏರುತ್ತಲೇ ಹೋದರೆ, ನಡೆಯುವಾಗ ತೂರಾಡಿದರೆ, ಮುಚ್ಚಿಡಬೇಡ. ಕೆಳಗಿಳಿಯುವುದೇ ಅದಕ್ಕೆ ಔಷಧಿ.

ಇನ್ನೊಂದು. ಬೇಸ್ ಕ್ಯಾಂಪಿನಿಂದ ಎವರೆಸ್ಟ್ ತುದಿ ಕಾಣುವುದಿಲ್ಲ! ಪರ್ವತದ ಪಕ್ಕದ ಹೆಗಲೇ ಅದನ್ನು ಮರೆಮಾಡುತ್ತದೆ. ಕಾಣುವುದು, ಕೇಳುವುದು ಎಲ್ಲ ಖುಂಬು ಹಿಮನದಿ. ಟೆಂಟ್ ಹಾಕುವುದೇ ಅದರ ಮೇಲೆ. ರಾತ್ರಿ ಬೆನ್ನ ಕೆಳಗೆ ಹಿಮ ಟಪ್ಪನೆ ಸೀಳುತ್ತದೆ. ಬಿಸಿಲಿಗೆ ಸುತ್ತಲೂ ಕರಗುತ್ತದೆ, ಟೆಂಟಿನ ಅಡಿ ಕರಗುವುದಿಲ್ಲ. ಕೆಲವು ವಾರಗಳಲ್ಲಿ ಟೆಂಟು ಕಟ್ಟೆ ಏರಿ ಕುಳಿತಂತಿರುತ್ತದೆ. ಆಗ ಕಿತ್ತು, ಕಲ್ಲು ಸರಿ ಮಾಡಿ, ಮತ್ತೆ ಹಾಕಬೇಕು.

ಊಟದ ವಿಷಯ ಕೇಳು. ಅಲ್ಲಿ ನೀರು ಸುಮಾರು 82 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟರೆ ಬೇಳೆ ಬೇಯುವುದೇ ಇಲ್ಲ, ಕುಕ್ಕರ್ ಬೇಕೇ ಬೇಕು. ಬೆಳಿಗ್ಗೆ ಆ ಸೀಟಿ ಕೇಳಿದಾಗ ಕಣ್ಣು ಮುಚ್ಚಿದರೆ ನಮ್ಮ ಮನೆಯೇ. ಹಸಿವು ಮಾತ್ರ ಸತ್ತುಹೋಗಿರುತ್ತದೆ. ನನ್ನನ್ನು ಉಳಿಸಿದ್ದು ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಗಂಟಲು ಒಣಗಿರುವುದರಿಂದ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿಯೇ ತಿನ್ನಬೇಕು. ಅಡುಗೆಯವರನ್ನು ಎಲ್ಲರೂ ದಾಯಿ ಅನ್ನುತ್ತಿದ್ದರು, ಅಣ್ಣ ಅಂತ. ಚಟ್ನಿ ಬಾಯಿಗೆ ಹಾಕಿಕೊಂಡ ದಾಯಿ, ಮರುದಿನ ಕೇಳಿ ಇಸಿದುಕೊಂಡರು.

ಏರುವ ಮೊದಲು ಪೂಜೆ ಆಗಬೇಕು. ಕಲ್ಲು ಪೇರಿಸಿದ ಕಟ್ಟೆಯ ಮುಂದೆ ಹಿಮಗೊಡಲಿ, ಬೂಟಿಗೆ ಕಟ್ಟುವ ಮುಳ್ಳಿನ ಕ್ರಾಂಪಾನ್ ಎಲ್ಲ ಇಡುತ್ತಾರೆ. ಥೇಟ್ ನಮ್ಮ ಆಯುಧಪೂಜೆ. ಕೊನೆಗೆ ಹುರಿದ ಬಾರ್ಲಿ ಹಿಟ್ಟನ್ನು ಮುಖಕ್ಕೆ ಬಳಿಯುತ್ತಾರೆ. ಅಷ್ಟಾಗದೆ ಶೆರ್ಪಾಗಳು ಖುಂಬು ಐಸ್‌ಫಾಲ್‌ಗೆ, ಅಂದರೆ ಕ್ಯಾಂಪಿನ ಮೇಲೆ ಹಿಮನದಿ ಒಡೆದು ಕಡಿದಾಗಿ ಇಳಿಯುವ ಜಾಗಕ್ಕೆ, ಕಾಲಿಡುವುದಿಲ್ಲ. ಯಾಕೆ ಅಂತ ಅಲ್ಲಿ ಕುಳಿತರೆ ತಿಳಿಯುತ್ತದೆ. 2014ರ ಏಪ್ರಿಲ್ 18ರಂದು ಅದೇ ದಾರಿಯಲ್ಲಿ ಹಿಮ ಕುಸಿದು 16 ಜನ ಹೋದರು. ಎಲ್ಲರೂ ನೇಪಾಳದವರು, ದುಡಿಯಲು ಹೋದವರು. ನಾವು ಆ ದಾರಿ ತುಳಿಯುವುದು ಬೆರಳೆಣಿಕೆಯಷ್ಟು ಸಲ. ಏಣಿ, ಹಗ್ಗ ಹಾಕುವವರು, ನಮ್ಮ ಹೊರೆ ಹೊರುವವರು ಮತ್ತೆ ಮತ್ತೆ ಹೋಗುತ್ತಾರೆ. ಇದು ನನಗೆ ಇನ್ನೂ ಅರಗಿಲ್ಲ.

ಒಂದು ರಾತ್ರಿ ಕೆಮ್ಮು ಜೋರಾಗಿ ನಾನು ಕೆಳಗೇ ಉಳಿದೆ. ಎರಡು ಗಂಟೆಗೆ ಉಳಿದವರು ಹೊರಟರು, ಬಿಸಿಲು ಬಿದ್ದು ಹಿಮ ಸಡಿಲವಾಗುವ ಮೊದಲೇ ದಾಟಲಿ ಅಂತ. ಕತ್ತಲಲ್ಲಿ ತಲೆದೀಪಗಳು ಇರುವೆ ಸಾಲಿನ ಹಾಗೆ ಏರುತ್ತಿದ್ದವು. ಅಡುಗೆ ಟೆಂಟಿನ ಬಾಗಿಲಲ್ಲಿ ದಾಯಿ ನಿಂತಿದ್ದರು, ದೀಪ ಎಣಿಸುತ್ತ. ಅವರ ತಮ್ಮ ಹೊರೆ ಹೊತ್ತು ಹೋಗಿದ್ದ. ಎಲ್ಲೋ ಮೇಲೆ ಧಡಧಡ ಸದ್ದಾಯಿತು. ಇಬ್ಬರೂ ಮಾತಾಡಲಿಲ್ಲ. ದಾಯಿ ಮತ್ತೆ ಮೊದಲಿಂದ ಎಣಿಸಿದರು. ಸರಿ ಬಂತು. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು. ತಮ್ಮ ಇಳಿದು ಬರುವ ತನಕ, ಮಧ್ಯಾಹ್ನದವರೆಗೂ, ಆ ಕೆಟಲ್ ಆರಲು ಬಿಡಲಿಲ್ಲ.

ನಲವತ್ತು ದಿನ ಏನು ಮಾಡಿದೆ ಅಂದೆಯಲ್ಲ, ಇದನ್ನೇ. ಉಂಡೆವು, ಕಾಯ್ದೆವು.

ನೀನು ಹೊರಡುವ ತಿಂಗಳು ಮೊದಲೇ ಹೇಳು. ಅವ್ವ ರೊಟ್ಟಿ ಬಡಿದು ಕೊಡುತ್ತಾಳೆ. ಚಟ್ನಿಯ ಡಬ್ಬಿ ಎರಡು ಇರುತ್ತವೆ. ಒಂದು ದಾಯಿಗೆ.

ನಿನ್ನ ದೋಸ್ತ