ಪುಸ್ತಕ ಮುಚ್ಚಿ ಓದು

ಮಲ್ಲೇಶ್ವರಂ, ಬೆಂಗಳೂರು

ಚಿ. ಕಾವ್ಯಾಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮಮ್ಮ ಫೋನ್ ಮಾಡಿದ್ದಳು. ವಿಜಯನಗರದ ಪಿಜಿಯಲ್ಲಿ ರಾತ್ರಿ ಎರಡರವರೆಗೂ ಕೆಎಎಸ್‌ಗೆ ಓದುತ್ತೀಯಂತೆ. ಆದರೂ ಓದಿದ್ದು ನಿಲ್ಲುತ್ತಿಲ್ಲ, ನನ್ನ ತಲೆಯೇ ಮಂದ ಅಂತ ಅತ್ತೆಯಂತೆ. ಕೇಳಿ ಸಂಕಟವಾಯಿತು.

ನಿನ್ನ ತಲೆಗೆ ಏನೂ ಆಗಿಲ್ಲ ಮಗಳೇ. ಲಂಡನ್ನಿನ ಟ್ಯಾಕ್ಸಿ ಡ್ರೈವರ್‌ಗಳು ಲೈಸೆನ್ಸಿಗಾಗಿ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಬೇಕು. ವಿಜ್ಞಾನಿಗಳು ಅವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿ 2000ದಲ್ಲಿ ಪ್ರಕಟಿಸಿದರು. ಹಿಪೊಕ್ಯಾಂಪಸ್ ಅನ್ನುವ ಭಾಗ ನಮಗೆ ಹೊಸ ನೆನಪುಗಳನ್ನು ಕಟ್ಟಿಕೊಡುತ್ತದೆ. ಅದರ ಹಿಂಭಾಗ ಅವರಲ್ಲಿ ಬೇರೆಯವರಿಗಿಂತ ದೊಡ್ಡದಿತ್ತು. ಹೆಚ್ಚು ವರ್ಷ ಓಡಿಸಿದವರಲ್ಲಿ ಇನ್ನೂ ದೊಡ್ಡದು. ದೊಡ್ಡವರಾದ ಮೇಲೂ ಮಿದುಳು ಕಲಿಕೆಗೆ ತಕ್ಕಂತೆ ಬದಲಾಗುತ್ತದೆ ಅಂತ ನಾನು ಧೈರ್ಯವಾಗಿ ಹೇಳುವುದು ಇಂಥದ್ದನ್ನು ನೋಡಿಯೇ.

ನೀನು ಬದಲಿಸಬೇಕಾದದ್ದು ಓದುವ ರೀತಿ. ಒಂದೇ ಅಧ್ಯಾಯವನ್ನು ಮತ್ತೆ ಮತ್ತೆ ಓದಿ, ಹೈಲೈಟರ್ ಹಾಕುತ್ತೀಯ ಅಲ್ವಾ? ಮೂರನೇ ಸಲಕ್ಕೆ ಎಲ್ಲವೂ ಪರಿಚಯದ ಮುಖದಂತೆ ಕಾಣುತ್ತದೆ. ಬಂತು ಅನ್ನಿಸುತ್ತದೆ. ಆದರೆ ಮುಖ್ಯ ಪರೀಕ್ಷೆಯಲ್ಲಿ ನಿನ್ನ ಮುಂದೆ ಇರುವುದು ಖಾಲಿ ಹಾಳೆ.

ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವವರು ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದು ಗುಂಪಿನ ವಿದ್ಯಾರ್ಥಿಗಳು ನಾಲ್ಕು ಅವಧಿಯೂ ಪಾಠ ಓದಿದರು. ಇನ್ನೊಂದು ಗುಂಪು ಒಂದು ಅವಧಿ ಓದಿ, ಉಳಿದ ಮೂರರಲ್ಲಿ ನೋಡದೆ ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ. ವಾರ ಕಳೆದ ಮೇಲೆ ಅವರಿಗೆ ನೆನಪಿದ್ದದ್ದು ಶೇ. 40, ಬರೆದವರಿಗೆ ಶೇ. 61. ನಮಗೆ ಚೆನ್ನಾಗಿ ನೆನಪಿರುತ್ತದೆ ಅಂತ ಜಾಸ್ತಿ ನಂಬಿದ್ದವರೂ ಓದಿದವರೇ!

ಹಾಗಾಗಿ ಹೀಗೆ ಮಾಡು. ರಾಜ್ಯಪಾಲರ ಅಧಿಕಾರಗಳನ್ನು ಒಮ್ಮೆ ಗಮನವಿಟ್ಟು ಓದು. ಪುಸ್ತಕ ಮುಚ್ಚು. ಸುಗ್ರೀವಾಜ್ಞೆ ಯಾವ ವಿಧಿ, ಕ್ಷಮಾದಾನ ಯಾವ ವಿಧಿ, ಬಂದಷ್ಟು ಬರೆ. ಆಮೇಲೆ ತೆಗೆದು ನೋಡಿ 213, 161 ಅಂತ ಕೆಂಪು ಪೆನ್ನಿನಲ್ಲಿ ತಿದ್ದು. ಬಿಟ್ಟುಹೋದದ್ದನ್ನಷ್ಟೇ ಮತ್ತೆ ಓದು. ಮೊದಮೊದಲು ಬೇಜಾರಾಗುತ್ತದೆ, ಏನೂ ಬರುವುದಿಲ್ಲ ಅನ್ನಿಸುತ್ತದೆ. ಬಿಡಬೇಡ. ಆ ತಿಣುಕಾಟದಲ್ಲೇ ನೆನಪು ಗಟ್ಟಿಯಾಗುವುದು.

ಅದೇ ಅಧ್ಯಾಯವನ್ನು ಮಾರನೇ ದಿನ, ಮೂರು ನಾಲ್ಕು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಹೀಗೇ ಬರೆ. ಜರ್ಮನಿಯ ಮನೋವಿಜ್ಞಾನಿ ಎಬಿಂಗ್‌ಹಾಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿ ತೋರಿಸಿದ್ದ. ಮರೆವು ಶುರುವಿನಲ್ಲೇ ಅತಿ ವೇಗ. ಒಂದೇ ದಿನ ಗುಡ್ಡೆ ಹಾಕಿ ಓದುವುದಕ್ಕಿಂತ ಬಿಡುವು ಕೊಟ್ಟು ಓದಿದ್ದು ಉಳಿಯುತ್ತದೆ.

ಇನ್ನು ನಿದ್ದೆ. ಇದರಲ್ಲಿ ನಿನ್ನ ಮಾತು ನಾನು ಕೇಳುವುದಿಲ್ಲ. ಹಗಲು ಕಲಿತದ್ದನ್ನು ಹಿಪೊಕ್ಯಾಂಪಸ್ ಗಾಢ ನಿದ್ದೆಯಲ್ಲಿ ಮತ್ತೆ ಓಡಿಸುತ್ತದೆ. ಮಿದುಳಿನ ಬೇರೆ ಭಾಗಗಳಲ್ಲಿ ಅದು ಬೇರೂರುವುದು ಆಗಲೇ. ಎರಡು ಗಂಟೆಯವರೆಗೆ ಓದಿ ಆರಕ್ಕೆ ಎದ್ದರೆ ನಿದ್ದೆಯೇ ಅರ್ಧಕ್ಕೆ ನಿಲ್ಲುತ್ತದೆ. ಹನ್ನೊಂದಕ್ಕೆ ಮಲಗು. ಮಧ್ಯಾಹ್ನ ಎರಡರ ನಂತರ ಕಾಫಿ ಬೇಡ. ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು ಐದು ಗಂಟೆ ಬೇಕು.

ಓದುವಾಗ ಫೋನ್ ಪಕ್ಕದ ರೂಮಿನವಳ ಹತ್ತಿರ ಇರಲಿ. ಮಿದುಳು ಎರಡು ಕಡೆ ಒಟ್ಟಿಗೆ ಗಮನ ಕೊಡುವುದಿಲ್ಲ. ಸುಮ್ನೆ ಅತ್ತಿತ್ತ ಹಾರುತ್ತದೆ, ಹಾರಿದಾಗೆಲ್ಲ ಸ್ವಲ್ಪ ಕಳೆದುಕೊಳ್ಳುತ್ತದೆ. ಎಷ್ಟು ಮಾಡಿದರೂ ಬಿಡಲಾಗದಿದ್ದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ಇದೆ. ಹೋಗಲು ನಾಚಿಕೆ ಪಡಬೇಕಾಗಿಲ್ಲ, ನಾನೂ ಜೊತೆಗೆ ಬರುತ್ತೇನೆ. ದಿನಾ ಅರ್ಧ ಗಂಟೆ ಬಿರುಸಾಗಿ ನಡೆ.

ಭಾನುವಾರ ಮನೆಗೆ ಬಾ. ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಬಂದು, ಹಸಿರು ಲೈನಿನಲ್ಲಿ ಸಂಪಿಗೆ ರಸ್ತೆಗೆ ಇಳಿ. ರಾಜ್ಯಪಾಲರ ಅಧ್ಯಾಯ ನನಗೆ ಪಾಠ ಮಾಡು. ಪುಸ್ತಕ ನನ್ನ ಕೈಯಲ್ಲಿರುತ್ತದೆ, ಪ್ರಶ್ನೆ ಕೇಳುವುದು ನಾನು.

ಇಂತಿ,
ನಿನ್ನ ದೊಡ್ಡಮ್ಮ